ಗೇಟಿನಲ್ಲಿ ಸಿಕ್ಕ ಒದ್ದೆ ಬಟ್ಟೆ

ಸಂಜೆ ಶಿಫ್ಟ್ ಬಿಟ್ಟಾಗ ಗೇಟಿನಲ್ಲಿ ಚೆಕಿಂಗ್ ಮಾಡುತ್ತಿದ್ದ ನನ್ನ ಕೈಗೆ, ಹೊಲಿಗೆ ಸೆಕ್ಷನ್ನಿನ ಸವಿತಾ ರವಿಕೆಯೊಳಗೆ ತುರುಕಿಕೊಂಡಿದ್ದ ಬಟ್ಟೆ ತಗುಲಿತು. ತುಮಕೂರಿನ ಹೊರಗಿರುವ ಈ ಗಾರ್ಮೆಂಟ್ಸ್‌ನಲ್ಲಿ ಮನೆಗೆ ಹೊರಡುವ ಹೆಂಗಸರ ಮೈ ತಡವಿ ನೋಡುವುದೇ ನನ್ನ ಕೆಲಸ. ಕಳ್ಳಿ ಸಿಕ್ಕಿಬಿದ್ದಳು ಅಂದುಕೊಂಡೆ. ಸಾಲಿನಲ್ಲಿದ್ದ ಅಷ್ಟೂ ಜನರೆದುರು, "ತೆಗಿಯೇ ಆಚೆಗೆ!" ಎಂದು ಗದರಿದೆ.

ಅವಳು ತಲೆ ತಗ್ಗಿಸಿಕೊಂಡೇ ತೆಗೆದು ನನ್ನ ಕೈಗಿಟ್ಟಳು. ಕಟಿಂಗ್ ಸೆಕ್ಷನ್ನಿನವರು ಬಿಸಾಡುವ ಬಟ್ಟೆಚೂರುಗಳು. ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದವು. ಹುಳಿತ ಹಾಲಿನ ವಾಸನೆ.

"ಮಗೀಗೆ ಏಳು ತಿಂಗ್ಳು ಅಕ್ಕ, ಗುಬ್ಬೀಲಿ ನಮ್ಮವ್ವನ ಹತ್ರ ಬಿಟ್ಟು ಬರ್ತೀನಿ. ಹಾಲು ಹಿಂಡಿ ಬರ್ತೀನಿ ಅಂದ್ರೂ ಸೂಪರ್‌ವೈಸರ್ ಟೋಕನ್ ಕೊಡಲ್ಲ. ಸೀರೆಗೆ ಸೋರ್ತದೆ ಅಂತ ಇದ್ನ ಇಟ್ಕಂಡೆ."

ನಮ್ಮಲ್ಲಿ ಬಾತ್‌ರೂಮಿಗೆ ಹೋಗಲೂ ಟೋಕನ್ ಬೇಕು. ಹಾಲುಣಿಸುವ ತಾಯಂದಿರಿಗೆಂದು ಒಂದು ಕೋಣೆ ಇದೆ, ಬಾಗಿಲಿಗೆ ಬೋರ್ಡೂ ಇದೆ. ಒಳಗೆ ಸೂರಿನವರೆಗೆ ರಟ್ಟಿನ ಡಬ್ಬ ತುಂಬಿ ಬೀಗ ಹಾಕಿದ್ದಾರೆ. ಆ ಬೀಗದ ಕೈ ನನ್ನ ಸೊಂಟದ ಗೊಂಚಲಿನಲ್ಲೇ ಇರುತ್ತದೆ.

ಕಳವಿನ ಪುಸ್ತಕದಲ್ಲಿ ಅವಳ ಹೆಸರು ಬರೆಯದೆ ಕಳಿಸಿದೆ. ನಾನು ಮಾಡಿದ್ದು ಅಷ್ಟೇ.

ಹದಿನೈದು ದಿನ ಕಳೆದಿರಬೇಕು. ಅದೇ ಸಾಲಿನಲ್ಲಿ ಬಂದವಳು ನಾನು ಹೇಳುವ ಮೊದಲೇ ಎರಡೂ ಕೈ ಎತ್ತಿ ನಿಂತಳು. "ಸರ್ಯಾಗಿ ನೋಡ್ಕಳಿ ಅಕ್ಕ, ಈಗೇನೂ ಇಲ್ಲ. ಹಾಲು ಬತ್ತೋಯ್ತು." ಒಣಗಿದ ರವಿಕೆಯ ಮೇಲೆ ಕೈಯಾಡಿಸಿ "ಹೋಗು" ಎಂದೆ. ಅವಳ ಹಿಂದಿದ್ದವಳು ಮುಂದೆ ಬಂದಳು. ನಾನು ಬಗ್ಗಿದಾಗ ಸೊಂಟದಲ್ಲಿ ಬೀಗದ ಕೈಗಳು ಸದ್ದು ಮಾಡಿದವು.