ಅಣ್ಣನ ಬಸ್ಸಿನ ಉಕ್ಕಿನ ತುಂಡು

ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು ಮುರುಕು ಮೇಡಂ ಎನ್ನುತ್ತಿದ್ದರು. ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಪಾಠ ಹೇಳುತ್ತಿದ್ದುದು ಲೋಹ ಯಾಕೆ ಮುರಿಯುತ್ತದೆ ಎಂಬುದರ ಮೇಲೆ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಸಿಟ್ಟೇನೂ ಬಂದಿರಲಿಲ್ಲ.

ಅವಳ ಅಣ್ಣ ಬಸ್ ಡ್ರೈವರ್. ಹತ್ತು ತಿಂಗಳ ಹಿಂದೆ, ಹಾಡಹಗಲೇ, ಅವನ ಬಸ್ಸು ರಸ್ತೆ ಬಿಟ್ಟು ಸೇತುವೆಯ ಕಟ್ಟೆಗೆ ಬಡಿದು ಮುಂದಿನ ಸೀಟಿನ ಇಬ್ಬರು ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಅಣ್ಣ ಹೇಳಿದ್ದು ಇಷ್ಟೆ: "ಸ್ಟೀರಿಂಗ್ ತಿರುಗಿಸ್ದೆ, ಚಕ್ರ ತಿರುಗಲಿಲ್ಲ ಕಣೇ."

"ನಿಜ ಹೇಳಣ್ಣ, ಕಣ್ಣು ಹತ್ತಿತ್ತಾ?"

ಅವನು ಗೋಡೆಯ ಕಡೆ ಹೊರಳಿದ. ಅಲ್ಲಿಂದಾಚೆ ಅವಳೊಡನೆ ಮಾತು ಬಿಟ್ಟ.

ಪೊಲೀಸರು ಕೇಸು ಹಾಕಿ ಅವನ ಲೈಸೆನ್ಸ್ ಕಿತ್ತುಕೊಂಡಿದ್ದರು. ಒಂದು ದಿನ ಕೋರ್ಟಿನಿಂದ ವಿಭಾಗಕ್ಕೆ, ಪರೀಕ್ಷಿಸಿ ವರದಿ ಕೊಡಿ ಎಂದು, ಮೊಹರು ಹಾಕಿದ ಪೆಟ್ಟಿಗೆ ಬಂತು. ಚಕ್ರ ತಿರುಗಿಸುವ ಉಕ್ಕಿನ ತೋಳು, ಎರಡು ತುಂಡಾಗಿತ್ತು.

"ಇದು ನಮ್ಮಣ್ಣನ ಬಸ್ಸಿಂದು. ನಾನು ಮುಟ್ಟೋ ಹಾಗಿಲ್ಲ, ನೀವೇ ನೋಡಿ," ಎಂದು ಕಿರಿಯ ಅಧ್ಯಾಪಕನಿಗೆ ಒಪ್ಪಿಸಿ ಅವಳು ಬಾಗಿಲ ಕಡೆ ಹೊರಟಳು. ಅವನು ತುಂಡನ್ನು ದೀಪದ ಕೆಳಗೆ ಹಿಡಿದ. ನೋಡಬಾರದಿತ್ತು, ನೋಡಿದಳು. ಮುರಿದ ಮೈಮೇಲೆ, ಮರಳಿನಲ್ಲಿ ಅಲೆ ಬಿಟ್ಟುಹೋದಂಥ ಸಣ್ಣ ಸಣ್ಣ ಗೆರೆಗಳು. ಬಡಿದು ಮುರಿದ ಉಕ್ಕಿಗೆ ಆ ಗೆರೆ ಇರುವುದಿಲ್ಲ. ಈ ತೋಳು ತಿಂಗಳುಗಟ್ಟಲೆ ಒಳಗೊಳಗೇ ಬಿರುಕು ಬಿಡುತ್ತ ಬಂದು, ಆ ದಿನ ಕೈಕೊಟ್ಟಿತ್ತು.

ಎದೆ ಒಡೆಯಬೇಕಾದ ಗಳಿಗೆ. ಅವಳಿಗೆ ಏನೂ ಆಗಲಿಲ್ಲ. ಹೋಗಿ ಎರಡು ಗಂಟೆಯ ಕ್ಲಾಸು ತೆಗೆದುಕೊಂಡಳು. ವರದಿ ಕೋರ್ಟಿಗೆ ಹೋಗುವ ತನಕ, ಹದಿನೈದು ದಿನ, ಆ ಗೆರೆಗಳ ಬಗ್ಗೆ ಯಾರೊಡನೆಯೂ ಪಿಟ್ಟೆನ್ನಲಿಲ್ಲ.

ಆಮೇಲೆ ಅಣ್ಣನ ಮನೆಗೆ ಹೋದಳು. ಅವನು ಕುರ್ಚಿಯ ಕಾಲಿಗೆ ಮೊಳೆ ಹೊಡೆಯುತ್ತಿದ್ದ.

"ವರದಿ ಹೋಯ್ತಣ್ಣ. ತಪ್ಪು ನಿಂದಲ್ಲ. ತೋಳು ಮೊದ್ಲೇ ಬಿರುಕು ಬಿಟ್ಟಿತ್ತು."

"ಹೌದಾ," ಎಂದ. ಇನ್ನೊಂದು ಮೊಳೆ ಹೊಡೆದು, "ಆ ಇಬ್ರು ತಿರುಗಿ ಬರಲ್ವಲ್ಲ," ಎಂದ.

ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ನಿಮ್ಮಣ್ಣ ಹೇಳಿದ್ರೆ ನಂಬಲಿಲ್ಲ. ಅದನ್ನೇ ಕಬ್ಬಿಣ ಹೇಳಿದ್ಮೇಲೆ ನಂಬಿದ್ಯಾ?"

ತಂಗಿ ಅಳು ಬಂದೀತೆಂದು ಕಾದಳು, ಬರಲಿಲ್ಲ. "ಬಿಡೇ, ಮಗು ಕೂತ್ಕೊಳ್ಳಲಿ," ಎಂದ ಅಣ್ಣ. ಐವತ್ತು ದಾಟಿದ ಮಗು ಚಾಪೆಯ ಮೇಲೆ ಕೂತಿತು.

ಕೇಸು ಬಿದ್ದುಹೋಯಿತು. ಲೈಸೆನ್ಸ್ ವಾಪಸು ಬಂತು, ಆದರೆ ಅಣ್ಣ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಡಿಪೋದಲ್ಲೇ ವೇಳಾಪಟ್ಟಿ ಬರೆಯುವ ಕೆಲಸಕ್ಕೆ ಸೇರಿಕೊಂಡ. ಭಾನುವಾರ ಅವಳಿಗೆ ಫೋನು ಮಾಡುತ್ತಾನೆ. ಊಟವಾಯಿತಾ, ಸೆಕೆ ಹೇಗಿದೆ ಎಂದು ಕೇಳುತ್ತಾನೆ. ಅವಳು ಆಯಿತು, ಜಾಸ್ತಿ ಇದೆ ಎನ್ನುತ್ತಾಳೆ.