ಗಂಗುಲಮ್ಮನ ಕರೆಂಟ್ ಸೈಕಲ್

ಎಲೆಕ್ಟ್ರಿಕ್ ಸೈಕಲ್ ತಗೊಳ್ಳೋದು ಒಳ್ಳೇದೋ ಕೆಟ್ಟದ್ದೋ ಅಂತ ಶಿಡ್ಲಘಟ್ಟದ ಸುತ್ತಮುತ್ತ ಯಾರನ್ನು ಕೇಳಿದರೂ ಅರ್ಧ ಗಂಟೆ ಭಾಷಣ ಬಿಗಿಯುತ್ತಾರೆ. ಹತ್ತು ತಿಂಗಳು ಅದನ್ನು ಓಡಿಸಿದ ಗಂಗುಲಮ್ಮನನ್ನು ಕೇಳಿ ನೋಡಿ. "ಐತೆ, ಓಡ್ತದೆ" ಅಂತಾಳೆ. ಮುಗೀತು.

ಅವಳೇನು ಹುಟ್ಟಾ ಮೂಗಿಯಲ್ಲ. ರೇಷ್ಮೆ ಹುಳದ ಮನೆಯಲ್ಲಿ ಕೆಲಸದ ನಡುವೆ ಅವಳು ಬಾಯಿ ಬಿಟ್ಟರೆ ಜೊತೆಯ ಹೆಂಗಸರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹೋದ ವರ್ಷ ಗಂಡ ಮುನಿವೆಂಕಟಪ್ಪ ಎದೆನೋವು ಅಂತ ಆಸ್ಪತ್ರೆಗೆ ಹೊರಟವನು ಮತ್ತೆ ಮನೆಗೆ ಬರಲಿಲ್ಲ. ಅವತ್ತಿಂದ ಅವಳು ಅತ್ತಿದ್ದನ್ನೂ ಯಾರೂ ನೋಡಲಿಲ್ಲ, ನಕ್ಕಿದ್ದನ್ನೂ ನೋಡಲಿಲ್ಲ. ತಿಥಿ ಮುಗಿದ ವಾರಕ್ಕೇ ಮೈದುನ ಬಂದು ಅಣ್ಣನ ಮೊಪೆಡ್ ತಳ್ಳಿಕೊಂಡು ಹೊರಟ. ಇವಳು ತಗೊಂಡು ಹೋಗು ಅಂತಲೂ ಅನ್ನಲಿಲ್ಲ, ಬಿಡು ಅಂತಲೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗಿ ಸೊಪ್ಪು ಸೋಸಿದಳು.

ಆದರೆ ಮೊಪೆಡ್ ಇಲ್ಲದೆ ಅವಳ ಕೆಲಸ ಸಾಗುವುದಿಲ್ಲ. ಅವಳದು ಹಣ್ಣು ಹುಳ ಆರಿಸುವ ಕೆಲಸ. ರೇಷ್ಮೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ಕತ್ತು ಎತ್ತಿ ಆಡಿಸತೊಡಗಿದರೆ ಹಣ್ಣಾಯಿತು ಅಂತ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಕೆಲವು ಗಂಟೆ ತಡವಾದರೂ ಅವು ಕಾಯುವುದಿಲ್ಲ, ಇದ್ದ ಕಸದಲ್ಲೇ ನೂಲು ಸುತ್ತಿಕೊಂಡು ಗೂಡು ಹಾಳಾಗುತ್ತದೆ. ಒಂದು ತಿಂಗಳ ಮೈಮುರಿ ದುಡಿಮೆ ಒಂದು ಮಧ್ಯಾಹ್ನಕ್ಕೆ ಮಣ್ಣು. ಅದಕ್ಕೇ ಫೋನ್ ಬಂದ ತಕ್ಷಣ ಹೊರಡಬೇಕು. ಹಿಂದೆಲ್ಲ ಗಂಡ ಕರೆದುಕೊಂಡು ಹೋಗಿ ಬಿಡುತ್ತಿದ್ದ. ಆಮೇಲೆ ನಡೆದು ಹೋಗಿ ನಾಲ್ಕು ಮನೆಗೆ ತಡವಾಯಿತು, ಐದನೇ ಮನೆಯವರು ಕರೆಯಲೇ ಇಲ್ಲ.

"ಕರೆಂಟ್ ಸೈಕಲ್ ತಗೊಳ್ಳೇ" ಅಂತ ಚಿಂತಾಮಣಿಯ ಅಂಗಡಿಗೆ ಎಳೆದುಕೊಂಡು ಹೋದವಳು ಜೊತೆಯಲ್ಲಿ ಹುಳ ಆರಿಸುವ ಶ್ಯಾಮಲಮ್ಮ. ಅಲ್ಲಿಗೆ ಹೋದ ಮೇಲೆ ತಕರಾರು ತೆಗೆದವಳೂ ಅವಳೇ! ಅಂಗಡಿಯವನು ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ಮೊಬೈಲ್ ಥರ ಪ್ಲಗ್ಗಿಗೆ ಹಾಕಿದರೆ ಸಾಕು, ಏರಿನಲ್ಲೂ ಮಂಡಿ ನೋಯಲ್ಲ ಅಂದ. ಶ್ಯಾಮಲಮ್ಮ ಬಿಡುತ್ತಾಳೆಯೇ? "ನಮ್ಮೂರಲ್ಲಿ ಕರೆಂಟು ಯಾವಾಗ ಬರ್ತದೆ, ಯಾವಾಗ ಹೋಗ್ತದೆ, ನಿಮಗೇನಪ್ಪ ಗೊತ್ತು? ಬ್ಯಾಟರಿ ಖಾಲಿಯಾದ್ರೆ ಈ ಎಮ್ಮೇನ ತುಳಿಯೋರ್ಯಾರು? ಸದ್ದೇ ಇಲ್ವಲ್ಲ ಇದಕ್ಕೆ, ಹಿಂದೆ ಬಂದ್ರೆ ಜನ ಹೆದರ್ಕೊಂಡು ಚರಂಡಿಗೆ ಬೀಳ್ತಾರೆ. ಹಿಂದ್ಗಡೆ ನಾನು ಕೂತ್ಕೊಳ್ಳೋಕೆ ಸೀಟೂ ಇಲ್ಲ."

ಇಬ್ಬರ ವಾದ ಮುಗಿಯುವವರೆಗೂ ಗಂಗುಲಮ್ಮ ರಸ್ತೆ ನೋಡುತ್ತಾ ನಿಂತಿದ್ದಳು. ಕೊನೆಗೆ ಅಂಗಡಿಯವನು ಯಾವ ಬಣ್ಣ ಬೇಕಮ್ಮ ಅಂದ. "ಯಾವ್ದೋ ಒಂದು ಕೊಡಪ್ಪ" ಅಂದಳು. ಕೆಂಪು ಸೈಕಲ್ ಬಂತು.

ಸೈಕಲ್ ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ಕರೆಯುವುದನ್ನು ಬಿಟ್ಟಿದ್ದ ಮನೆಯವರೂ ಮತ್ತೆ ಕರೆದರು. ತಪ್ಪು ನಡೆದದ್ದು ಬೇರೆ ಕಡೆ. ಹುಳ ಸಾಕುವವರಿಗೆ ರೋಗದ ಭಯ. ಒಂದು ಮನೆಯ ರೋಗ ಇನ್ನೊಂದು ಮನೆಗೆ ಬರಬಾರದೆಂದು ಬಾಗಿಲಲ್ಲೇ ಬ್ಲೀಚಿಂಗ್ ಪೌಡರ್ ನೀರಿಟ್ಟಿರುತ್ತಾರೆ, ಕೈಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಗಂಗುಲಮ್ಮ ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಊರೂರು ಸುತ್ತುವ ಸೈಕಲ್ಲಿಗೂ ಮೈಲಿಗೆ ಇರುತ್ತದಲ್ಲ ಅಂತ ಪ್ರತಿ ಮನೆಯ ಮುಂದೆಯೂ ಅದರ ಮೇಲೆ ಎರಡು ಚೊಂಬು ಬ್ಲೀಚಿಂಗ್ ನೀರು ಸುರಿದಳು. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು ಅಂತ ಅಂಗಡಿಯವನು ಬಾಯಿ ಬಡಿದುಕೊಂಡಿದ್ದ. ಆ ಮಾತು ಇವಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ದೇವರೇ ಬಲ್ಲ.

ಮಗಳು ತನುಶ್ರೀಯನ್ನು ಚಿಂತಾಮಣಿ ಕಡೆ ಹದಿನಾರು ಕಿಲೋಮೀಟರ್ ಆಚೆಯ ಹಳ್ಳಿಗೆ ಕೊಟ್ಟಿದೆ. ಅಪ್ಪ ಹೋದ ಮೇಲೆ ಅವಳು ತಾಯಿಯ ಜೊತೆ ನೆಟ್ಟಗೆ ಮಾತಾಡಿಲ್ಲ. ಹಬ್ಬಕ್ಕೆ ಬಂದರೂ ಉಂಡು ಎದ್ದು ಹೋಗುತ್ತಿದ್ದಳು. ಯಾಕೆ ಅಂತ ಅಮ್ಮ ಕೇಳಲಿಲ್ಲ, ಮಗಳು ಹೇಳಲಿಲ್ಲ. ಈ ಸಲ ಅವಳ ಅತ್ತೆ ಅಮ್ಮಾಜಮ್ಮ ಒಂದು ರೇಷ್ಮೆ ಬೆಳೆಯನ್ನು ಪೂರ್ತಿ ಸೊಸೆಯ ಕೈಗೆ ಬಿಟ್ಟಿದ್ದರು. ಅದು ಅವಳ ಮೊದಲ ಬೆಳೆ. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅವಳ ಫೋನ್ ಬಂತು.

"ಅಮ್ಮ, ಹುಳ ಎಲ್ಲ ಒಟ್ಟಿಗೆ ಹಣ್ಣಾಗ್ಬಿಟ್ಟವೆ. ಊರಲ್ಲಿ ಮದುವೆ, ಜನ ಸಿಕ್ತಿಲ್ಲ. ನೀನ್ ಬಾರಮ್ಮ."

ಒಂದು ವರ್ಷದಲ್ಲಿ ಮಗಳು ಬಾ ಅಂದದ್ದು ಅದೇ ಮೊದಲು. "ಬರ್ತೀನಿ" ಅಂದಳು ಗಂಗುಲಮ್ಮ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದ ಸೈಕಲ್ ಹತ್ತಿ ಹೊರಟಳು.

ಎಂಟು ಕಿಲೋಮೀಟರ್ ಆಗಿರಬೇಕು, ಸೈಕಲ್ ಒಂದು ಸಲ ಜಗ್ಗಿ ನಿಂತುಬಿಟ್ಟಿತು. ಬ್ಯಾಟರಿ ತೆಗೆದು ನೋಡಿದರೆ ವೈರು ಸೇರುವ ಜಾಗದಲ್ಲೆಲ್ಲ ಹಸಿರು ಹಸಿರಾಗಿ ಪೊರೆ ಕಟ್ಟಿ ತಿಂದುಹಾಕಿತ್ತು. ಸೀರೆಯ ಸೆರಗಿನಲ್ಲಿ ಒರೆಸಿದಳು, ಊಹೂಂ. ತುಳಿದು ನೋಡಿದಳು. ಏರಿನಲ್ಲಿ ಅದು ಒಂದಡಿ ಮುಂದೆ ಹೋದರೆ ಎರಡಡಿ ಹಿಂದೆ ಬರುತ್ತಿತ್ತು. ಇಳಿದು ತಳ್ಳತೊಡಗಿದಳು.

ಊರಿನ ಕೊಂಡಪ್ಪ ಹಿಪ್ಪುನೇರಳೆ ಸೊಪ್ಪು ತುಂಬಿಕೊಂಡು ಟೆಂಪೋದಲ್ಲಿ ಅದೇ ದಾರಿಯಲ್ಲಿ ಬಂದ. ನಿಲ್ಲಿಸಿ, "ಅಕ್ಕಾ, ಅದನ್ನ ಆ ಹೋಟ್ಲು ಹತ್ರ ನಿಲ್ಸಿ ಹತ್ತಕ್ಕ, ಹತ್ತು ನಿಮಿಷಕ್ಕೆ ಬಿಡ್ತೀನಿ" ಅಂದ.

"ಇಲ್ಲಪ್ಪ, ನೀನ್ ಹೋಗು. ಬರ್ತೀನಿ."

"ಯಾರೂ ಕದಿಯಲ್ಲ ಕಣಕ್ಕ!"

ಕದಿಯುತ್ತಾರೆ ಅಂತ ಅವಳಿಗೇನೂ ಭಯವಿರಲಿಲ್ಲ. ಎರಡು ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದಳು, ಬಿಡಬಹುದು ಅನ್ನುವುದು ಹೊಳೆಯಲಿಲ್ಲ, ಅಷ್ಟೇ. ಬಿಸಿಲೂ ಗೊತ್ತಾಗಲಿಲ್ಲ, ಬಾಯಾರಿದ್ದೂ ಗೊತ್ತಾಗಲಿಲ್ಲ. ಬ್ಯಾಗಿನಲ್ಲಿ ಫೋನ್ ನಾಲ್ಕು ಸಲ ಬಡಿದುಕೊಂಡಿತು. ಕೇಳಿಸಿತು. ತೆಗೆಯಲಿಲ್ಲ. ಅಯ್ಯೋ, ಎಂಥ ಹೆಂಗಸಮ್ಮ ಇವಳು ಅಂತ ನಿಮಗೆ ಸಿಟ್ಟು ಬಂದರೆ ತಪ್ಪಿಲ್ಲ. ಹೀಗೆ ತಳ್ಳಿಕೊಂಡು ಮಗಳ ಮನೆ ಮುಟ್ಟುವಾಗ ಮೂರು ಗಂಟೆ ದಾಟಿತ್ತು.

"ಏಮಮ್ಮಾ, ಇಪ್ಪುಡಾ ವಚ್ಚೇದಿ? ಈಗ ಬರೋದಾ? ಇಷ್ಟೊತ್ತಲ್ಲಿ ಬಂದು ಏನ್ ಮಾಡ್ತೀರ?" ಅಂದರು ಅಮ್ಮಾಜಮ್ಮ. ಬೈಗುಳಕ್ಕಿಂತ ಅದರಲ್ಲಿ ಬೇಸರವೇ ಹೆಚ್ಚಿತ್ತು. ಅವರೂ ಸೊಸೆಯೂ ಕೈಲಾದಷ್ಟು ಆರಿಸಿದ್ದರು. ಹೆಚ್ಚುಕಡಿಮೆ ಅರ್ಧ ಹುಳ ಕಸದಲ್ಲಿ, ಸೊಪ್ಪಿನ ಕಡ್ಡಿಯಲ್ಲಿ, ಗೋಡೆಯ ಮೂಲೆಯಲ್ಲಿ ನೂಲು ಸುತ್ತಿಕೊಂಡಾಗಿತ್ತು.

ಗಂಗುಲಮ್ಮ ಕಾಲು ತೊಳೆದು ಒಳಗೆ ಹೋಗಿ ಮಗಳ ಪಕ್ಕ ಕೂತು, ಉಳಿದದ್ದನ್ನು ಆರಿಸತೊಡಗಿದಳು. "ಸೈಕಲ್ ಕೆಡ್ತು. ನಾನೇ ನೀರು ಹಾಕಿ ಕೆಡಿಸ್ದೆ" ಅಂದಳು. ತನುಶ್ರೀ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟಳು.

"ಹುಳ ಹೋದ್ರೆ ಹೋಗ್ಲಿ. ಫೋನ್ ಯಾಕಮ್ಮ ತೆಗೀಲಿಲ್ಲ?"

ಗಂಗುಲಮ್ಮ ಕಸದಿಂದ ಇನ್ನೊಂದು ಹುಳ ಎತ್ತಿದಳು.

"ಅವತ್ತೂ ತೆಗೀಲಿಲ್ಲ ನೀನು. ಅಪ್ಪನ್ನ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದಾರೆ ಅಂತ ಪಕ್ಕದ ಮನೆಯವ್ರು ಹೇಳಿದ್ರು. ಏಳು ಸಲ ಮಾಡ್ದೆ. ಒಂದ್ಸಲ ತೆಗೆದು ಅಪ್ಪನ ಕಿವಿ ಹತ್ರ ಹಿಡೀಬಾರ್ದಾಗಿತ್ತಾ?" ಮಗಳು ವರ್ಷದಿಂದ ನುಂಗಿಕೊಂಡಿದ್ದ ಮಾತು ಅದು.

"ಕೈಯಲ್ಲಿ ನಿಮ್ಮಪ್ಪನ ತಲೆ ಇತ್ತು ಕಣೇ" ಅಂದಳು ಗಂಗುಲಮ್ಮ. "ಆಟೋ ಕುಲುಕ್ತಾ ಇತ್ತು. ಎರಡು ಕೈಯಲ್ಲೂ ಹಿಡ್ಕೊಂಡಿದ್ದೆ. ಬಿಟ್ರೆ ಬಿದ್ದೋಗ್ತಾರೆ ಅಂತ ಹಿಡ್ಕೊಂಡೇ ಇದ್ದೆ."

ತನುಶ್ರೀ ಹುಳ ಆರಿಸುವುದು ನಿಲ್ಲಿಸಿದಳು.

"ಫೋನ್ ಬಡ್ಕೊಂಡಾಗೆಲ್ಲ ಅವರು ಕಣ್ಣು ಬಿಟ್ಟು ಬ್ಯಾಗ್ ಕಡೆ ನೋಡೋರು. ಏಳು ಸಲಾನೂ ನೋಡಿದ್ರು. ನೀನೇ ಅಂತ ಗೊತ್ತಾಗಿತ್ತು ಅವರಿಗೆ."

ಇಷ್ಟನ್ನೂ ಅವಳು ಸೊಪ್ಪಿನ ದರ ಹೇಳುವ ದನಿಯಲ್ಲೇ ಹೇಳಿದಳು. ಮುಂದಿನ ಹುಳವನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಚಂದ್ರಿಕೆ ಪಕ್ಕದಲ್ಲೇ ಇದ್ದರೂ ಕೈ ಆ ಕಡೆ ಹೋಗಲಿಲ್ಲ. ತನುಶ್ರೀ ಆ ಹುಳವನ್ನು ತೆಗೆದು ಚಂದ್ರಿಕೆ ಮೇಲೆ ಬಿಟ್ಟು, ಖಾಲಿಯಾದ ಅಮ್ಮನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.