ಹದಿನೇಳನೇ ನಂಬರಿನ ನಿದ್ದೆ

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಜೇಡಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ. ನಿದ್ದೆಯ ಸಂಶೋಧನೆಗೆ ಬಂದು ಹದಿನಾರು ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಹರೆಯದ ಎಂಟು ವರ್ಷಗಳನ್ನು ಆಕೆ ಬೇಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಜೇಡರ ಬಲೆ ಅಳೆಯುವುದರಲ್ಲೇ ಕಳೆದಿದ್ದಳು.

ಹೊಟ್ಟೆ ತುಂಬಿದ ಜೇಡ ಚಿಕ್ಕ ಬಲೆ ನೇಯುತ್ತದೆ ಎಂಬುದು ಆಗಿನ ಆಕೆಯ ನಂಬಿಕೆ. ಕೆಲವು ಜೇಡಗಳಿಗೆ ತಾನೇ ನೊಣ ತಿನ್ನಿಸಿ, ಉಳಿದವನ್ನು ಹಾಗೇ ಬಿಟ್ಟು, ಎರಡು ವರ್ಷ ಅಳೆದಳು. ಅಂಕಿಗಳೆಲ್ಲ ಹೇಳಿ ಮಾಡಿಸಿದ ಹಾಗೆ ಬಂದವು. ಗುರುಗಳು ಅದೇ ಬಲೆಗಳ ಫೋಟೋಗಳನ್ನು ಏನೂ ಗೊತ್ತಿಲ್ಲದ ಬೇರೊಬ್ಬನ ಕೈಯಲ್ಲಿ ಅಳೆಸಿದರು. ಅರ್ಧಕ್ಕರ್ಧ ತಾಳೆಯಾಗಲಿಲ್ಲ.

"ನೀನೇನೂ ಮೋಸ ಮಾಡಿಲ್ಲ ಕಣಮ್ಮ. ಯಾವುದಕ್ಕೆ ತಿನ್ನಿಸಿದೆ ಅಂತ ನಿನಗೆ ಗೊತ್ತಿತ್ತಲ್ಲ, ಅದೇ ತಪ್ಪು. ಕಣ್ಣು ಬಯಸಿದ್ದನ್ನೇ ನೋಡುತ್ತೆ," ಎಂದರು.

ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆಕೆ ಅತ್ತಳು, ಅಂಕಿಗಳ ಪುಸ್ತಕವನ್ನು ಹರಿದು ಹಾಕಿದಳು, ಆಮೇಲೆ ಒಂದು ನಿಯಮ ಮಾಡಿಕೊಂಡಳು: ಯಾವುದು ಯಾರದು ಎಂದು ಗೊತ್ತಿರುವವರು ಅಳೆಯಬಾರದು. ಮುಂದೊಂದು ಮಧ್ಯಾಹ್ನ ಎಳೆಗೆ ಜೋತುಬಿದ್ದ ಜೇಡವೊಂದು ಕಾಲು ಮುದುರಿ ಸಣ್ಣಗೆ ಅದುರುವುದನ್ನು ಕಂಡು, ಅರೆ, ಇದಕ್ಕೂ ನಿದ್ದೆಯೇ ಎಂದುಕೊಂಡಳು. ಆ ಪ್ರಶ್ನೆಯೇ ಅವಳನ್ನು ಮನುಷ್ಯರ ನಿದ್ದೆಯವರೆಗೂ ಎಳೆದು ತಂದಿತು. ನಿಯಮವೂ ಜೊತೆಗೇ ಬಂತು.

ಗಂಡ ರಾತ್ರಿ ಪಾಳಿಯ ಬಸ್ ಡ್ರೈವರ್. ಆತ ಮನೆಗೆ ಬರುವ ಹೊತ್ತಿಗೆ ಈಕೆ ಚಪ್ಪಲಿ ಮೆಟ್ಟಿ ಹೊರಡುವಳು. ಒಂದೇ ಹಾಸಿಗೆ, ಎರಡು ಪಾಳಿ. ಊರವರ ನಿದ್ದೆಯನ್ನೆಲ್ಲ ನೋಡಿದ ಹೆಂಗಸು ಕಟ್ಟಿಕೊಂಡವನ ನಿದ್ದೆ ನೋಡಿದ್ದು ಅಪರೂಪ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ರಾತ್ರಿ ಪಾಳಿಯವರ ಹಗಲು ನಿದ್ದೆ ಹೇಗಿರುತ್ತದೆ ಎಂದು ಪರೀಕ್ಷಿಸಲು ಮೂವತ್ತು ಜನ ಬೇಕಾಗಿತ್ತು. ಜನ ಸಾಲಲಿಲ್ಲ.

"ಮಲಗೋದೂ ಒಂದು ಕೆಲಸಾನೇನೆ? ನಾನು ಬರ್ತೀನಿ ಬಿಡು," ಎಂದ ಡ್ರೈವರ್.

"ಬನ್ನಿ. ಯಾವತ್ತು ಅಂತ ಮಾತ್ರ ನನಗೆ ಹೇಳ್ಬೇಡಿ ರೀ."

ಆತ ಹೇಳಲಿಲ್ಲ; ಆಕೆಯೂ ಮಲಗಿಸುವ ಕೋಣೆಗಳತ್ತ ಸುಳಿಯಲಿಲ್ಲ. ವೈರು ಅಂಟಿಸಿ ಮಲಗಿಸುವುದು, ಹೆಸರು-ನಂಬರಿನ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಹಳೆಯ ಟೆಕ್ನಿಷಿಯನ್‌ನ ಕೆಲಸ. ಎಲ್ಲರಿಗೂ ಅವನು ಬೀಗದಣ್ಣ. ಅವನ ಪಟ್ಟಿಯಲ್ಲಿ ಡ್ರೈವರ್ ಹದಿನೇಳನೇ ನಂಬರ್. ಜೇಡಮ್ಮ ಓದಬೇಕಾದ ನಿದ್ದೆಯ ದಾಖಲೆಗಳ ಮೇಲೆ ಇದ್ದದ್ದು ಬರೀ ನಂಬರ್.

"ಅಣ್ಣ, ಈ ಹದಿನೇಳು ಯಾರೋ ಪಾಪ! ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತೆ. ಎದ್ದಿರೋವಾಗ್ಲೂ ತೂಕಡಿಸ್ತಿರ್ತಾನೆ. ಬೇಗ ಡಾಕ್ಟರ್ ಹತ್ರ ಹೋಗ್ಬೇಕು."

ಬೀಗದಣ್ಣನ ಮುಖ ಬಿಳಚಿಕೊಂಡಿತು. "ಪಟ್ಟಿ ತೆಗೀಲಾ ಮೇಡಂ? ಈಗ್ಲೇ ತೆಗೀತೀನಿ."

"ಇನ್ನೂ ಆರು ಜನರದ್ದು ಓದ್ಬೇಕು. ಎರಡು ವಾರ ಅಷ್ಟೇ, ಮುಗೀಲಿ."

"ಒಂದೇ ಒಂದು ಹೆಸರು ಮೇಡಂ..."

"ಒಂದು ತೆಗೆದ್ರೆ ಎಲ್ಲಾ ತೆಗೆದ ಹಾಗೆ. ನಿಯಮ ಅಂದ್ರೆ ನಿಯಮ."

ಎಂಥ ಸುಡುಗಾಡು ನಿಯಮವೋ! ಮನುಷ್ಯನ ಉಸಿರಿಗಿಂತ ದೊಡ್ಡದೇ ಅದು? ಆದರೆ ಆಕೆಯ ಕಣ್ಣ ಮುಂದಿದ್ದದ್ದು ಆ ಹರಿದ ಪುಸ್ತಕ. ಹಿಂದಿನ ವರ್ಷ ಒಂದು ಹೆಸರು ಬಾಯಿಬಿಟ್ಟ ವಿದ್ಯಾರ್ಥಿಯನ್ನು ಆಕೆ ಮನೆಗೆ ಕಳಿಸಿದ್ದನ್ನು ಬೀಗದಣ್ಣ ಕಣ್ಣಾರೆ ಕಂಡಿದ್ದ. ಬೀಗದ ಕೈಯನ್ನು ಮತ್ತೆ ಜೇಬಿಗಿಳಿಸಿದ.

ಎರಡು ದಿನದ ನಂತರ ಬೆಳಿಗ್ಗೆ ಬಾಗಿಲಲ್ಲಿ ಗಂಡ ಕೇಳಿದ, "ಏನೇ, ನನ್ನ ನಿದ್ದೆ ಪಾಸೋ ಫೇಲೋ?"

"ನಿಮ್ಮಂಥ ಕುಂಭಕರ್ಣ ಫೇಲಾಗೋದುಂಟಾ? ಕೂತಲ್ಲೇ ಗೊರಕೆ ಹೊಡೀತೀರಿ!" ಎಂದು ನಕ್ಕು, ಚಪ್ಪಲಿ ಮೆಟ್ಟಿ ಹೊರಟಳು. ಆತನೂ ನಕ್ಕ.

ಹದಿನೇಳರ ಮಾತು ಬಂದ ಒಂಬತ್ತನೆಯ ದಿನ ಬೆಳಗಿನ ಹೊತ್ತು, ಡಿಪೋಗೆ ಮರಳುತ್ತಿದ್ದ ಖಾಲಿ ಬಸ್ಸು ಸೇತುವೆಯ ತಡೆಗೋಡೆಗೆ ಗುದ್ದಿತು. ಡ್ರೈವರ್ ಅಲ್ಲೇ ಸತ್ತ. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇಲ್ಲ ಎಂದರು ಪೊಲೀಸರು.

"ಗುರುತೇ ಇಲ್ವಾ?" ಎಂದು ಆಕೆ ಎರಡು ಸಲ ಕೇಳಿದಳು.

ಗಂಡನನ್ನು ಮಣ್ಣು ಮಾಡಿದ ಮರುದಿನ ಪ್ರಯೋಗಾಲಯಕ್ಕೆ ಹೋಗಿ, "ಪಟ್ಟಿ ತೆಗೀರಿ," ಎಂದಳು. ಬೀಗದಣ್ಣ ತೆಗೆದ. ಆಕೆಯ ಬೆರಳು ಹೆಸರುಗಳ ಮೇಲೆ ಇಳಿಯುತ್ತಾ ಬಂದು ಹದಿನೇಳರ ಮುಂದೆ ನಿಂತಿತು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಮೇಡಂ." ಮುದುಕ ಬಿಕ್ಕಿ ಬಿಕ್ಕಿ ಅತ್ತ. "ನಿಮಗೆ ಹೇಳೋ ಹಾಗಿರ್ಲಿಲ್ಲ. ಕರುಳು ತಡೀಲಿಲ್ಲ, ಡಿಪೋಗೇ ಹೋಗಿ ಅವರಿಗೆ ಹೇಳ್ದೆ. ರಜಾ ಹಾಕಿ, ಡಾಕ್ಟರಿಗೆ ತೋರ್ಸಿ ಅಂತ ಕೈ ಹಿಡ್ಕೊಂಡು ಬೇಡ್ಕೊಂಡೆ."

"ಏನಂದ್ರು?"

"ಮನೇಲಿ ಕೇಳ್ತೀನಿ ಅಂದ್ರು. ಮಾರನೇ ದಿನ ಮತ್ತೆ ಹೋದಾಗ ನಕ್ಕುಬಿಟ್ರು. ‘ನನ್ನ ನಿದ್ದೆ ಓದ್ತಿರೋದು ನನ್ನ ಹೆಂಡ್ತಿ ಕಣಯ್ಯಾ. ಏನಾದ್ರೂ ಇದ್ದಿದ್ರೆ ಅವಳು ಸುಮ್ನಿರ್ತಿದ್ಲಾ?’ ಅಂದ್ರು."